ಕಲಾವಿದರನ್ನು ಕರೆಸಿದರೆ ಹುಬ್ಬಳ್ಳಿ-ಧಾರವಾಡ ಎದ್ದು ನಿಲ್ಲುತ್ತಾ, ಇಲ್ಲ ಬಾಡಿಗೆ ಮಾತ್ರ ಏರುತ್ತಾ?

ಹತ್ತಿ ಓಣಿ ಡಿಸೈನರ್

ಎಲ್ಲರಿಗೂ ನಮಸ್ಕಾರ. ಪುಸ್ತಕದ ಮುಖಪುಟ, ನಾಟಕದ ಪೋಸ್ಟರ್, ಅಂಗಡಿ ಪ್ಯಾಕೆಟ್ ಡಿಸೈನ್ ಮಾಡುವುದು ನನ್ನ ಕೆಲಸ. ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ವಾಪಸ್ ಬಂದಿದ್ದೇನೆ. ನಮ್ಮ ಓಣಿಯಲ್ಲಿ ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದ ಗೋದಾಮುಗಳಿವೆ. ದಪ್ಪ ಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು, ಲಾರಿ ನೇರ ಒಳಗೇ ಹೋಗುವಂಥ ಬಾಗಿಲು. ಈಗ ಅರ್ಧಕ್ಕರ್ಧ ಬೀಗ ಬಿದ್ದಿವೆ. ಒಬ್ಬ ಮಾಲೀಕರು "ನೀವು ನಾಲ್ಕು ಜನ ಸೇರಿ ಏನಾದರೂ ಮಾಡುವುದಾದರೆ ಕೊಡುತ್ತೇನೆ" ಎಂದಿದ್ದಾರೆ. ಸ್ಟುಡಿಯೋ, ನಾಟಕದ ತಾಲೀಮು, ಸಣ್ಣ ಸಂಗೀತ ಬೈಠಕ್, ಹೀಗೆ.

ಮಾತು ಕಿವಿಗೆ ಬಿದ್ದಿದ್ದೇ ತಡ, ಪರಿಚಯದವರೆಲ್ಲ ದೊಡ್ಡ ಲೆಕ್ಕ ಹಾಕತೊಡಗಿದರು. ಕಲಾವಿದರು ಬಂದರೆ ಕೆಫೆ ಬರುತ್ತೆ, ಕೆಫೆ ಬಂದರೆ ಸಾಫ್ಟ್‌ವೇರ್ ಹುಡುಗರು ಬರುತ್ತಾರೆ, ಅವರ ಹಿಂದೆ ಕಂಪನಿಗಳು ಬರುತ್ತವೆ, ಊರೇ ಎದ್ದು ನಿಲ್ಲುತ್ತೆ ಅಂತ. ಒಂದು ಮ್ಯೂಸಿಯಂನಿಂದ ಎದ್ದು ನಿಂತಿತು ಅನ್ನುವ ಸ್ಪೇನಿನ ಬಿಲ್ಬಾವೊ ಊರಿನ ಹೆಸರು ಎಲ್ಲರ ಬಾಯಲ್ಲೂ ಇದೆ.

ನಿಜವಾಗಿ ಹೀಗೆ ನಡೆಯುತ್ತಾ? ಎಲ್ಲಿ ನಡೆದಿದೆ, ಯಾಕೆ ನಡೆಯಿತು, ಲಾಭ ಯಾರ ಕೈ ಸೇರಿತು? ನನ್ನ ಜೊತೆ ಚಿತ್ರಕಲೆ ಕಲಿತವರಲ್ಲಿ ಹೆಚ್ಚಿನವರು ಬೆಂಗಳೂರು, ಪುಣೆ ಸೇರಿದ್ದಾರೆ. ಹೊರಗಿನವರನ್ನು ಕರೆಯುವ ಮೊದಲು, ಇಲ್ಲಿಯವರು ಯಾಕೆ ಊರು ಬಿಡುತ್ತಾರೆ ಅಂತ ನೋಡಬೇಕು ಅನ್ನಿಸುತ್ತದೆ. ನೀವೇನಂತೀರಿ?

ನವನಗರದವ

ಬೀಗ ಜಡಿದು ಬಿಡುವುದಕ್ಕಿಂತ ಒಳ್ಳೆಯದೇ. ಶುರು ಮಾಡಿ.

ದುರ್ಗದಬೈಲ್ ವ್ಯಾಪಾರಿ

ನಾನು ಒಪ್ಪುವುದಿಲ್ಲ. ಹುಬ್ಬಳ್ಳಿ ಬೆಳೆದಿದ್ದು ರೈಲ್ವೆ ವರ್ಕ್‌ಶಾಪ್‌ನಿಂದ, ಹತ್ತಿಯಿಂದ, ಒಣಮೆಣಸಿನಕಾಯಿಯಿಂದ, ಎಪಿಎಂಸಿಯಿಂದ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 9 ಲಕ್ಷ ದಾಟಿತ್ತು. ಇಷ್ಟು ಜನರ ಊರಲ್ಲಿ ಒಂದು ಗೋದಾಮಿನಲ್ಲಿ ಇಪ್ಪತ್ತು ಜನ ಕೂತು ಹಾಡಿದರೆ ಎಷ್ಟು ಮನೆಯ ಒಲೆ ಉರಿಯುತ್ತೆ? ಅದೇ ಜಾಗದಲ್ಲಿ ಶೇಂಗಾ ಎಣ್ಣೆ ಗಾಣ ಹಾಕಿದರೂ ಹತ್ತು ಜನಕ್ಕೆ ವರ್ಷಪೂರ್ತಿ ಕೆಲಸ.

ಅರ್ಥಶಾಸ್ತ್ರದ ಮೇಷ್ಟ್ರು

ಕಲಾವಿದರು ಬಂದರೆ ಕಂಪನಿಗಳು ಬರುತ್ತವೆ ಅನ್ನುವ ವಾದ ಜೋರಾಗಿ ಹಬ್ಬಿದ್ದು ಅಮೆರಿಕದಿಂದ. ರಿಚರ್ಡ್ ಫ್ಲಾರಿಡಾ ಎಂಬ ಪ್ರೊಫೆಸರ್ 2002ರಲ್ಲಿ ಹೇಳಿದ್ದು ಇಷ್ಟು: ಹಿಂದೆ ಕೆಲಸ ಇದ್ದ ಕಡೆ ಜನ ಹೋಗುತ್ತಿದ್ದರು, ಈಗ ಬುದ್ಧಿವಂತ ಜನ ಇರಲು ಇಷ್ಟಪಡುವ ಕಡೆ ಕೆಲಸವೇ ಬರುತ್ತದೆ. ತಂತ್ರಜ್ಞಾನ, ಪ್ರತಿಭೆ, ಎಲ್ಲರನ್ನೂ ಸೇರಿಸಿಕೊಳ್ಳುವ ಗುಣ, ಈ ಮೂರೂ ಇರುವ ಊರು ಗೆಲ್ಲುತ್ತದೆ ಅಂತ. ಗಮನಿಸಿ, ಅವರ ಲೆಕ್ಕದಲ್ಲಿ ಕಲಾವಿದರಷ್ಟೇ ಅಲ್ಲ, ಎಂಜಿನಿಯರು, ವಿಜ್ಞಾನಿ, ವಕೀಲರು, ಮೇಷ್ಟ್ರುಗಳು ಎಲ್ಲರೂ ಇದ್ದಾರೆ. ಕಲಾವಿದರನ್ನು ಮಾತ್ರ ತೆಗೆದು ನೋಡಿದರೆ ಸಂಖ್ಯೆ ಸಣ್ಣದು.

ಜಗತ್ತಿನ ಎಷ್ಟೋ ನಗರಸಭೆಗಳು ಇದನ್ನು ನಂಬಿ ಗ್ಯಾಲರಿ, ಸೈಕಲ್ ಪಥ, ಉತ್ಸವ ಅಂತ ದುಡ್ಡು ಸುರಿದವು. 2017ರ ಹೊತ್ತಿಗೆ ಫ್ಲಾರಿಡಾ ಅವರೇ ಬೇರೆ ಮಾತು ಆಡಬೇಕಾಯಿತು. ಗೆದ್ದ ಊರುಗಳಲ್ಲಿ ಮನೆ ಬೆಲೆ ಮುಗಿಲಿಗೇರಿದೆ, ಅಡುಗೆಯವರು, ಡ್ರೈವರ್‌ಗಳು, ಸಣ್ಣ ಸಂಬಳದವರು ಊರಿನ ಅಂಚಿಗೆ ಹೋಗಿದ್ದಾರೆ ಅಂತ.

ನಮ್ಮ ಬೆಂಗಳೂರನ್ನೇ ತೆಗೆದುಕೊಳ್ಳಿ. ಚರ್ಚ್ ಸ್ಟ್ರೀಟ್ ನೋಡಿ ಕಂಪನಿಗಳು ಬಂದವಾ? 1909ರಲ್ಲಿ ಈಗ ಐಐಎಸ್‌ಸಿ ಅನ್ನುವ ಟಾಟಾ ಇನ್‌ಸ್ಟಿಟ್ಯೂಟ್, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆ, ಆಮೇಲೆ ಎಚ್‌ಎಂಟಿ, ಬಿಇಎಲ್. ಕಲಿತವರು, ಕೈಕೆಲಸ ಬಲ್ಲವರು ದಶಕಗಳ ಕಾಲ ಅಲ್ಲಿ ಸೇರಿದ ಮೇಲೆ 1985ರಲ್ಲಿ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಪ್ರತಿಭೆ ಮುಖ್ಯ, ಸರಿ. ಆದರೆ ಅಷ್ಟು ದಿನ ಆ ಪ್ರತಿಭೆಗೆ ಸಂಬಳ ಕೊಟ್ಟವರು ಯಾರು ಅನ್ನುವುದನ್ನು ಮರೆಯಬಾರದು.

ಜಯನಗರ ಫೋರ್ತ್ ಬ್ಲಾಕ್

ಮೇಷ್ಟ್ರೇ, ಬೆಂಗಳೂರಿನ ಹವಾಮಾನವನ್ನೂ ಸೇರಿಸಿ. ಅದಿಲ್ಲದೆ ಅರ್ಧ ಜನ ಬರುತ್ತಿರಲಿಲ್ಲ.

ದುರ್ಗದಬೈಲ್ ವ್ಯಾಪಾರಿ

ನಾನು ಹೇಳಿದ್ದನ್ನೇ ಮೇಷ್ಟ್ರೂ ಹೇಳಿದರು. ಮೊದಲು ಕಾರ್ಖಾನೆ.

ಅರ್ಥಶಾಸ್ತ್ರದ ಮೇಷ್ಟ್ರು

ಇಲ್ಲ ಸಾಹುಕಾರರೇ, ನಾನು ಹೇಳಿದ್ದು ಮೊದಲು ಸಂಬಳ ಅಂತ. ಅದು ಕಾರ್ಖಾನೆಯಿಂದಲೇ ಬರಬೇಕೆಂದಿಲ್ಲ.

ಬಿಲ್ಬಾವೊ ನೋಡಿಬಂದವಳು

ಬಿಲ್ಬಾವೊ ಬಗ್ಗೆ ಅರ್ಧ ಕಥೆ ಮಾತ್ರ ಹೇಳುತ್ತಾರೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಅದು ಉಕ್ಕು ಮತ್ತು ಹಡಗು ಕಟ್ಟುವ ಊರು. 1980ರ ದಶಕದಲ್ಲಿ ಎರಡೂ ಕುಸಿದವು. 1983ರಲ್ಲಿ ದೊಡ್ಡ ನೆರೆ ಬಂದು ಹಳೇ ಊರು ಮುಳುಗಿತು. ನೆರ್ವಿಯೋನ್ ನದಿ ಚರಂಡಿಯಾಗಿತ್ತು. 1997ರಲ್ಲಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಗುಗೆನ್‌ಹೈಮ್ ಮ್ಯೂಸಿಯಂ ತೆರೆಯಿತು. ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಜನ ಬರತೊಡಗಿದರು. ಎಲ್ಲರೂ ಹೇಳುವ ಕಥೆ ಇಷ್ಟೇ.

ಹೇಳದೇ ಬಿಡುವುದು ಇದು. ಮ್ಯೂಸಿಯಂ ಬರುವ ಎರಡು ವರ್ಷ ಮೊದಲೇ, 1995ರಲ್ಲಿ, ಮೆಟ್ರೋ ಓಡಿತ್ತು. ನದಿಯನ್ನು ಸ್ವಚ್ಛ ಮಾಡುವ ಕೆಲಸ ಅದಕ್ಕೂ ಮೊದಲು ಶುರುವಾಗಿತ್ತು, ದಶಕಗಟ್ಟಲೆ ನಡೆಯಿತು, ಅದಕ್ಕೆ ಹೋದ ಹಣ ಮ್ಯೂಸಿಯಂಗಿಂತ ಎಷ್ಟೋ ಪಟ್ಟು ಜಾಸ್ತಿ. 1992ರಲ್ಲಿ 'ಬಿಲ್ಬಾವೊ ರೀಯಾ 2000' ಅಂತ ಒಂದು ಸಂಸ್ಥೆ ಮಾಡಿದರು. ರೈಲ್ವೆ, ಬಂದರು, ನಗರಸಭೆ, ಪ್ರಾಂತ್ಯದ ಸರ್ಕಾರ ಎಲ್ಲವೂ ಅದರಲ್ಲಿ ಪಾಲುದಾರರು. ನದಿ ದಂಡೆಯ ಪಾಳು ಜಾಗ ಬಹುಪಾಲು ಇವರದೇ. ಆ ಜಾಗವನ್ನು ಒಟ್ಟು ಮಾಡಿ, ಸುಧಾರಿಸಿ, ಸ್ವಲ್ಪ ಮಾರಿ, ಬಂದ ಹಣವನ್ನು ಮತ್ತೆ ಊರಿಗೇ ಹಾಕಿದರು. ಭೂಮಿಯ ಬೆಲೆ ಏರಿದಾಗ ಅದರ ದೊಡ್ಡ ಪಾಲು ಊರಿಗೇ ಬಂತು.

ನಾನು ಹೋದಾಗ ನನ್ನ ಮನಸ್ಸಿನಲ್ಲಿ ಉಳಿದಿದ್ದು ಮ್ಯೂಸಿಯಂಗಿಂತ ಅದರ ಪಕ್ಕದ ನದಿ ದಾರಿ. ಸಂಜೆ ಅಜ್ಜ ಅಜ್ಜಿಯರು, ಮೊಮ್ಮಕ್ಕಳು, ಪ್ರವಾಸಿಗಳಲ್ಲದ ಜನ, ಟಿಕೆಟ್ ಇಲ್ಲದೆ ಓಡಾಡುತ್ತಿದ್ದರು. ಹಾಗಾಗಿ ಯಾರಾದರೂ ಹುಬ್ಬಳ್ಳಿಗೂ ಬಿಲ್ಬಾವೊ ಬೇಕು ಅಂದರೆ, ಮೊದಲು ರಾಜಕಾಲುವೆ ಮತ್ತು ಉಣಕಲ್ ಕೆರೆಯ ಮಾತು ಎತ್ತಿ.

ನವನಗರದವ

ರಾಜಕಾಲುವೆಗೆ ನನ್ನ ವೋಟು.

ಕೊಚ್ಚಿ ಕನ್ನಡತಿ

ಅಷ್ಟು ದೂರ ಯಾಕೆ, ಕೊಚ್ಚಿ ನೋಡಿ. ಹತ್ತಿ ಓಣಿಯವರ ಗೋದಾಮಿಗೆ ಹೆಚ್ಚು ಹತ್ತಿರದ ಉದಾಹರಣೆ. 2012ರ ಡಿಸೆಂಬರ್ 12ಕ್ಕೆ ಕೊಚ್ಚಿ-ಮುಝಿರಿಸ್ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ, ಶುರುವಾಯಿತು. ಆಗಿನ ಮುಖ್ಯ ಜಾಗ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್, ಮೆಣಸು, ತೆಂಗಿನೆಣ್ಣೆ ವ್ಯಾಪಾರ ಮಾಡುತ್ತಿದ್ದ ಬ್ರಿಟಿಷ್ ಕಾಲದ ಕಂಪನಿಯ ಕಟ್ಟಡ. ಮಟ್ಟಾಂಚೇರಿಯ ಗೋದಾಮುಗಳಲ್ಲೂ ಪ್ರದರ್ಶನ. ಒಳಗೆ ಹೋದರೆ ಕೆಲವು ಕಡೆ ಇನ್ನೂ ಶುಂಠಿ ವಾಸನೆ.

ಇದನ್ನು ಕಟ್ಟಿದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಇಬ್ಬರೂ ಮುಂಬೈಯಲ್ಲಿ ಹೆಸರು ಮಾಡಿದ ಮಲಯಾಳಿಗಳು. ಊರು ಬಿಟ್ಟು ಹೋದವರು ವಾಪಸ್ ಬಂದು ಮಾಡಿದ ಕೆಲಸ. ಬಿನಾಲೆಯ ತಿಂಗಳುಗಳಲ್ಲಿ ನಾನಿರುವ ಬೀದಿಯ ಹೋಂಸ್ಟೇಗಳು ತುಂಬುತ್ತವೆ, ಆಟೋದವರಿಗೆ ಕೈತುಂಬ ಬಾಡಿಗೆ, ಬಡಗಿಗಳಿಗೆ, ವೆಲ್ಡಿಂಗ್‌ನವರಿಗೆ ಕೆಲಸ. ಕಲಾಕೃತಿ ಕೂರಿಸುವುದೆಂದರೆ ಸುಮ್ನೆ ಅಲ್ಲ, ಮರ, ಕಬ್ಬಿಣ, ಕರೆಂಟು ಎಲ್ಲ ಬೇಕು. ದುರ್ಗದಬೈಲ್ ಸಾಹುಕಾರರೇ, ಅದೂ ಒಲೆ ಉರಿಸುವ ಕೆಲಸವೇ.

ಆದರೆ ಅದು ಎರಡು ವರ್ಷಕ್ಕೊಮ್ಮೆ ಬರುವ ಸುಗ್ಗಿ. ಜಾಗವೂ ಬಿನಾಲೆಯ ಸ್ವಂತದ್ದಲ್ಲ. ಪ್ರತಿ ಸಲ ಯಾವ ಕಟ್ಟಡ ಸಿಗುತ್ತೆ ಅನ್ನುವ ಆತಂಕ ಇದ್ದೇ ಇರುತ್ತೆ.

ಸಾಧನಕೇರಿ ಕಾಕಾ

ಎಲ್ಲರೂ ಸ್ಪೇನ್, ಕೊಚ್ಚಿ ಅಂತ ಹೇಳುತ್ತಿದ್ದೀರಿ. ಪ್ರತಿಭೆಯನ್ನು ಸೆಳೆದ ಊರು ಯಾವುದು ಅಂದರೆ ಧಾರವಾಡ ಅಲ್ವಾ? ಅದು ಹೇಗಾಯಿತು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಇಲ್ಲಿನ ನೀರಿನ ಗುಣ, ಮಣ್ಣಿನ ಗುಣ ಅಂದು ಸುಮ್ಮನಾಗುತ್ತಾರೆ. ನಾನು ನೀರು ಮಣ್ಣು ಬಿಟ್ಟು ಲೆಕ್ಕ ಹೇಳುತ್ತೇನೆ.

1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ. 1917ರಲ್ಲಿ ಕರ್ನಾಟಕ ಕಾಲೇಜು. ಸುತ್ತಲಿನ ಜಿಲ್ಲೆಗಳ ಹುಡುಗರು ಓದಲು ಇಲ್ಲಿಗೇ ಬರಬೇಕಾಗಿತ್ತು. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು, ಅಂದರೆ ಬರೆದದ್ದನ್ನು ಅಚ್ಚು ಹಾಕುವವರೂ ಇಲ್ಲೇ. ಸುಭಾಸ ರಸ್ತೆಯ ಅವರ ಅಟ್ಟದಲ್ಲಿ ಕೂತು ಹರಟೆ ಹೊಡೆದವರ ಪಟ್ಟಿ ಹಾಕಿದರೆ ಅರ್ಧ ಕನ್ನಡ ಸಾಹಿತ್ಯ ಬರುತ್ತೆ. 1950ರಲ್ಲಿ ಆಕಾಶವಾಣಿ ಬಂತು. ಇದು ದೊಡ್ಡದು. ನಿಲಯದ ಕಲಾವಿದರಿಗೆ ತಿಂಗಳ ಸಂಬಳ. ತಬಲಾದವರಿಗೆ, ಸಾರಂಗಿಯವರಿಗೆ, ನಾಟಕ ಓದುವವರಿಗೆ, ಹಳ್ಳಿಯಿಂದ ಬಂದು ಹಾಡುವವರಿಗೆ ಚೆಕ್ಕು. ಮಲ್ಲಿಕಾರ್ಜುನ ಮನ್ಸೂರರಂಥವರು ಆಕಾಶವಾಣಿಯ ಜೊತೆಗೂ ವಿಶ್ವವಿದ್ಯಾಲಯದ ಜೊತೆಗೂ ಇದ್ದರು. ದೊಡ್ಡ ಗಾಯಕರು ಊರಲ್ಲಿ ಉಳಿದರು, ಅವರನ್ನು ನೋಡಿ ಶಿಷ್ಯರು ಬಂದರು, ಶಿಷ್ಯರಿಗೆ ಕಡಿಮೆ ಬಾಡಿಗೆಯ ಮಾಳಿಗೆ ಕೋಣೆ ಸಿಕ್ಕಿತು.

ಸಂಬಳ, ಕಡಿಮೆ ಬಾಡಿಗೆ, ಕಿವಿ ಇರುವ ಕೇಳುಗರು. ಈ ಮೂರಿದ್ದವು. ಆ ಕಾಲದಲ್ಲಿ ಯಾರೂ ಕ್ರಿಯೇಟಿವ್ ಹಬ್ ಅಂತ ಬೋರ್ಡ್ ಹಾಕಿರಲಿಲ್ಲ.

ತಬಲಾ ತಾಲೀಮು

ಕಾಕಾ, ಒಂದೊಂದು ಅಕ್ಷರವೂ ನಿಜ. ನಾನು ತಬಲಾ ನುಡಿಸುತ್ತೇನೆ. ಪಕ್ಕವಾದ್ಯದವರ ಕಷ್ಟ ಯಾರೂ ಕೇಳುವುದಿಲ್ಲ. ಊರಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಕೊರತೆ ಇಲ್ಲ, ಆದರೆ ಬಹಳಷ್ಟು ಕಡೆ ಶಾಲು, ಹಾರ, ಫಲತಾಂಬೂಲ, ಬಸ್ ಚಾರ್ಜು. ಒಂದು ಕಡೆ "ನಿಮಗೆ ವೇದಿಕೆ ಕೊಟ್ಟೆವಲ್ಲ" ಅಂದರು. ತಬಲಾದ ಮೇಲಿನ ಚರ್ಮ ಬದಲಿಸಲು ದುಡ್ಡು ಬೇಡವೇ? ಈಗ ನನ್ನ ಮನೆ ನಡೆಯುವುದು ಬೇರೆ ಬೇರೆ ದೇಶದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿ. ಅವರ ದುಡ್ಡು ಧಾರವಾಡದ ಕಿರಾಣಿ ಅಂಗಡಿಗೆ ಬರುತ್ತಿದೆ. ಇದನ್ನೂ ಊರಿನ ಆರ್ಥಿಕತೆ ಅಂತ ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ?

ಅರ್ಥಶಾಸ್ತ್ರದ ಮೇಷ್ಟ್ರು

ಖಂಡಿತ. ಊರಿಗೆ ಹೊರಗಿನ ಹಣ ತರುವ ಕೆಲಸ ಅದು. ಮೆಣಸಿನಕಾಯಿ ಹೊರಗೆ ಕಳಿಸಿ ಹಣ ತರುವುದಕ್ಕೂ ಇದಕ್ಕೂ ಅರ್ಥಶಾಸ್ತ್ರದಲ್ಲಿ ವ್ಯತ್ಯಾಸ ಇಲ್ಲ.

ಪುಣೆ ಗದಗಿನವ

ಕಾಕಾ ಅವರ ಮಾತಿಗೆ ಒಂದು ನೋವಿನ ಸಂಗತಿ ಸೇರಿಸುತ್ತೇನೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಹುಬ್ಬಳ್ಳಿ ಹತ್ತಿರದ ಕುಂದಗೋಳದವರು. ಅವರ ಶಿಷ್ಯ ಭೀಮಸೇನ ಜೋಶಿ ನಮ್ಮ ಗದಗಿನ ಕಡೆಯವರು. ಗುರುಗಳ ನೆನಪಿಗೆ ಭೀಮಸೇನರು 1953ರಿಂದ ಬೆಳೆಸಿದ ಉತ್ಸವ ನಡೆಯುವುದು ಪುಣೆಯಲ್ಲಿ. ಪ್ರತಿ ಡಿಸೆಂಬರ್‌ನಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ಕೂರುತ್ತಾರೆ. ಹೋಟೆಲು, ಊಟ, ಧ್ವನಿವರ್ಧಕ, ವಾದ್ಯ ರಿಪೇರಿ ಅಂಗಡಿ, ಎಲ್ಲ ವ್ಯಾಪಾರವೂ ಅಲ್ಲಿ. ಹೆಸರು ನಮ್ಮದು, ಪೇಟೆ ಅವರದು. ನಾನು ಪ್ರತಿ ವರ್ಷ ಹೋಗುತ್ತೇನೆ, ಪ್ರತಿ ವರ್ಷ ಹೊಟ್ಟೆ ಉರಿಯುತ್ತದೆ.

ಕುಂದಗೋಳ ಲೋಕಲ್

ಕುಂದಗೋಳದಲ್ಲೂ ಸವಾಯಿ ಗಂಧರ್ವರ ಪುಣ್ಯತಿಥಿ ಸಂಗೀತೋತ್ಸವ ನಡೆಯುತ್ತೆ ಸರ್, ನಾಡಗೇರ ವಾಡೆಯಲ್ಲಿ. ರಾತ್ರಿಯಿಡೀ. ದೊಡ್ಡ ದೊಡ್ಡವರು ಬಂದು ಹಾಡಿದ್ದಾರೆ. ಇಲ್ಲವೇ ಇಲ್ಲ ಅನ್ನುವ ಹಾಗೆ ಬರೆಯಬೇಡಿ.

ಪುಣೆ ಗದಗಿನವ

ಗೊತ್ತಿದೆ, ಬಂದೂ ಇದ್ದೇನೆ. ನಾನು ಕೇಳುತ್ತಿರುವುದು, ಹೊರಗಿನವರು ಬಂದರೆ ಉಳಿಯಲು ಕುಂದಗೋಳದಲ್ಲಿ ಎಷ್ಟು ಕೋಣೆ ಇವೆ ಅಂತ.

ಕುಂದಗೋಳ ಲೋಕಲ್

ನಮ್ಮ ಮನೆಗೆ ಬನ್ನಿ.

ಹಳಿಯಾಳ ನಾಕಾ

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಆ ರೈಲು ಇರದಿದ್ದರೆ ಏನಾಗುತ್ತಿತ್ತೋ. ಕಲೆಗೆ ಗ್ಯಾಲರಿಗಿಂತ ಮೊದಲು ಬಸ್ಸು ರೈಲು ಬೇಕು ಅಂತ ನನ್ನ ವಾದ. ಇವತ್ತೂ ಧಾರವಾಡದಲ್ಲಿ ರಾತ್ರಿ ಬೈಠಕ್ ಮುಗಿಸಿ ಹುಬ್ಬಳ್ಳಿಗೆ ಹೋಗಬೇಕಾದವರು ಕೊನೆಯ ರಾಗಕ್ಕೆ ಮೊದಲೇ ಎದ್ದು ಹೊರಡುತ್ತಾರೆ.

ನವನಗರದವ

ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ತಡರಾತ್ರಿವರೆಗೂ ಜಾಸ್ತಿ ಬಿಡಬೇಕು. ಕಲಾವಿದರಿಗಷ್ಟೇ ಅಲ್ಲ, ಆಸ್ಪತ್ರೆ ನರ್ಸ್‌ಗಳಿಗೂ, ಹೋಟೆಲ್ ಹುಡುಗರಿಗೂ ಬೇಕು.

ಲೈನ್ ಬಜಾರ್

ರೈಲಿನ ಮಾತು ಬಂತು ಅಂತ ಹೇಳುತ್ತೇನೆ, ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯದು. 1,507 ಮೀಟರ್. ಅಷ್ಟುದ್ದ ಗೋಡೆಗೆ ಚಿತ್ರ ಬರೆಸಿದರೆ ಎಷ್ಟು ಕಲಾವಿದರಿಗೆ ಕೆಲಸ!

ದುರ್ಗದಬೈಲ್ ವ್ಯಾಪಾರಿ

ಬರೆಸಬಹುದು, ಆದರೆ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಬರೆಸಲಿ. ಸ್ಪರ್ಧೆ ಇಟ್ಟು, ಪ್ರಮಾಣಪತ್ರ ಕೊಟ್ಟು, ಪುಕ್ಕಟೆ ಬರೆಸಿಕೊಳ್ಳುವುದು ಬೇಡ.

ಧಾರವಾಡ ಅಭಿಮಾನಿ

ಯುನೆಸ್ಕೊ ಸೃಜನಶೀಲ ನಗರಗಳ ಪಟ್ಟಿ ಗೊತ್ತಲ್ವಾ? ಸಂಗೀತಕ್ಕೆ ವಾರಾಣಸಿ 2015ರಲ್ಲಿ, ಚೆನ್ನೈ 2017ರಲ್ಲಿ, ಗ್ವಾಲಿಯರ್ 2023ರಲ್ಲಿ ಸೇರಿದವು. ಸಾಹಿತ್ಯಕ್ಕೆ ಕೋಝಿಕೋಡ್ 2023ರಲ್ಲಿ. ಸಂಗೀತ, ಸಾಹಿತ್ಯ ಎರಡೂ ಇರುವ ಧಾರವಾಡ ಎಲ್ಲಿ? ಬೇಂದ್ರೆ, ಗೋಕಾಕ, ಕಾರ್ನಾಡ, ಕಂಬಾರ, ನಾಲ್ವರು ಜ್ಞಾನಪೀಠಿಗಳು ಓದಿಯೋ ಬರೆದೋ ಓಡಾಡಿದ ಊರು. ಇದಕ್ಕಿಂತ ಅನ್ಯಾಯ ಬೇರೆ ಬೇಕಾ?

ಅರ್ಥಶಾಸ್ತ್ರದ ಮೇಷ್ಟ್ರು

ಅನ್ಯಾಯ ಅನ್ನುವ ಮೊದಲು ಒಂದು ಮಾತು. ಆ ಪಟ್ಟಿಗೆ ನಗರಾಡಳಿತವೇ ಅರ್ಜಿ ಹಾಕಬೇಕು, ಊರಿನ ಸಂಸ್ಥೆಗಳನ್ನು, ಕಲಾವಿದರನ್ನು ಸೇರಿಸಿ ಮುಂದೇನು ಮಾಡುತ್ತೇವೆ ಅಂತ ಬರೆದು ಕೊಡಬೇಕು. ಯುನೆಸ್ಕೊ ಹಣ ಕೊಡುವುದಿಲ್ಲ. ಕೋಝಿಕೋಡ್‌ಗೆ ಅದು ಸಿಕ್ಕಿದ್ದು ಅಲ್ಲಿನ ಗ್ರಂಥಾಲಯಗಳು, ಪ್ರಕಾಶಕರು, ಓದುವ ಸಂಘಗಳು ಈಗಲೂ ಚುರುಕಾಗಿರುವುದರಿಂದ. ಹಿಂದೆ ಯಾರಿದ್ದರು ಅನ್ನುವ ಪಟ್ಟಿ ನಮ್ಮಲ್ಲಿ ಉದ್ದ ಇದೆ. ಈಗ ಇಪ್ಪತ್ತೈದರ ವಯಸ್ಸಿನವರು ಎಷ್ಟು ಜನ ಉಳಿದಿದ್ದಾರೆ ಅನ್ನುವ ಪಟ್ಟಿ ಮಾಡಿ ನೋಡೋಣ.

ಧಾರವಾಡ ಅಭಿಮಾನಿ

ಸರಿ, ಆದರೂ ಅರ್ಜಿಯಾದರೂ ಹಾಕಬಹುದಿತ್ತು. ಪಾಲಿಕೆಯವರಿಗೆ ನಾವೇ ಬರೆಯೋಣ.

ಕಸೂತಿ ಅಕ್ಕ

ನೀವೆಲ್ಲ ಕಲಾವಿದರು ಅಂದಾಗ ಹಾಡುವವರು, ಬರೆಯುವವರು, ಕಂಪ್ಯೂಟರ್ ಮುಂದೆ ಕೂತವರು ಮಾತ್ರ ಕಣ್ಣಿಗೆ ಬರುತ್ತಾರೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಕೈಯಲ್ಲಿರುವ ಕಸೂತಿ ಯಾರ ಲೆಕ್ಕದಲ್ಲಿ ಬರುತ್ತೆ?

ಗಾವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಿಸಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಗಾವಂತಿ, ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಒಂದು ಎಳೆ ತಪ್ಪಿದರೆ ತೇರಿನ ಗಾಲಿ ಸೊಟ್ಟ ಆಗುತ್ತೆ, ಬಿಚ್ಚಿ ಮತ್ತೆ ಹಾಕಬೇಕು. ಇಷ್ಟೆಲ್ಲ ಮಾಡಿದ ಹೆಂಗಸಿಗೆ ಪೀಸ್ ಲೆಕ್ಕದ ಕೂಲಿ. ಅದೇ ಸೀರೆ ಬೆಂಗಳೂರಿನ ಅಂಗಡಿಯಲ್ಲಿ ನೋಡಿ, ಬೆಲೆ ಚೀಟಿ ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಪ್ರತಿಭೆಯನ್ನು ಹೊರಗಿಂದ ಸೆಳೆಯುವುದು ಆಮೇಲೆ. ಇಲ್ಲಿರುವ ಪ್ರತಿಭೆಯ ದುಡ್ಡು ಹೊರಗೆ ಹೋಗುವುದನ್ನು ಮೊದಲು ತಡೆಯಿರಿ. ನಮಗೆ ಬೇಕಾಗಿರುವುದು ಡಿಸೈನರ್, ಚೆನ್ನಾಗಿ ಫೋಟೋ ತೆಗೆಯುವವರು, ಬೆಲೆ ಹಾಕುವುದು ಬಲ್ಲವರು. ತಮ್ಮಾ ಹತ್ತಿ ಓಣಿ, ನಿನ್ನ ಗೋದಾಮಿನಲ್ಲಿ ನಮಗೂ ಒಂದು ಮೂಲೆ ಇದೆಯೇ?

ಹತ್ತಿ ಓಣಿ ಡಿಸೈನರ್

ಅಕ್ಕಾ, ಮೂಲೆ ಅಲ್ಲ, ಬೆಳಕು ಚೆನ್ನಾಗಿ ಬರುವ ಕಿಟಕಿ ಬದಿಯೇ ನಿಮಗೆ. ಎಳೆ ಎಣಿಸಲು ಬೆಳಕು ಬೇಕಲ್ವಾ. ಪ್ಯಾಕೆಟ್, ಫೋಟೋ ಕೆಲಸ ನಾನು ಮಾಡಿಕೊಡುತ್ತೇನೆ.

ಬೆಂಗೇರಿ ಹುಡುಗಿ

ಕಸೂತಿ ಅಕ್ಕಾರೇ, ಬೆಂಗೇರಿಯ ಖಾದಿ ಸಂಘವನ್ನೂ ನೆನೆಯಿರಿ. ರಾಷ್ಟ್ರಧ್ವಜ ತಯಾರಾಗುವ ಜಾಗ. ಅಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು. ಒಂದೊಂದು ಹೊಲಿಗೆಯೂ ಅಳತೆಗೆ ಸರಿ ಇರಬೇಕು. ಸರ್ಕಾರಿ ಖರೀದಿ ಕಡಿಮೆಯಾದರೆ ನೇರ ಇವರ ಮನೆಗೇ ಪೆಟ್ಟು. ಕೈಕೆಲಸ ಎಷ್ಟು ಚೆನ್ನಾಗಿದ್ದರೂ ಕೊಳ್ಳುವವರು ಗಟ್ಟಿ ಇರಬೇಕು.

ಗೋಕುಲಂ ಥರ್ಡ್ ಸ್ಟೇಜ್

ಮೈಸೂರಿನಿಂದ ಬರೆಯುತ್ತಿದ್ದೇನೆ. ಒಬ್ಬ ಗುರು ಒಂದು ಬಡಾವಣೆಯ ಆರ್ಥಿಕತೆಯನ್ನು ಹೇಗೆ ಬದಲಿಸಬಹುದು ಅನ್ನುವುದಕ್ಕೆ ನಮ್ಮ ಗೋಕುಲಂ ಸಾಕ್ಷಿ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯ ಸಣ್ಣ ಕೋಣೆಯಲ್ಲಿ ಅಷ್ಟಾಂಗ ಯೋಗ ಹೇಳಿಕೊಡುತ್ತಿದ್ದರು. ಆಮೇಲೆ ಗೋಕುಲಂಗೆ ಬಂದರು. ಅವರು 2009ರಲ್ಲಿ ತೀರಿಕೊಂಡ ಮೇಲೂ ಜಗತ್ತಿನ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಲೇ ಇದ್ದಾರೆ. ಮನೆಯವರು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟರು. ಎಳನೀರಿನವರು, ಟೈಲರ್, ಸ್ಕೂಟರ್ ಬಾಡಿಗೆಯವರು, ತಿಂಡಿ ಮಾಡಿಕೊಡುವ ಗೃಹಿಣಿಯರು, ಎಲ್ಲರಿಗೂ ಒಂದು ದಾರಿಯಾಯಿತು.

ಇದರಲ್ಲೂ ಕಾಕಾ ಹೇಳಿದ ಸಂಬಳದ ಮಾತಿದೆ. ಜೋಯಿಸರ ಗುರು ಕೃಷ್ಣಮಾಚಾರ್ಯರಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಇವತ್ತು ಗೋಕುಲಂನ ಎಳನೀರಿನವನಿಗೆ ಸಿಗುವ ವ್ಯಾಪಾರದ ಬೇರು 1930ರ ದಶಕದ ಆ ಆಶ್ರಯದಲ್ಲಿದೆ. ಇಷ್ಟು ನಿಧಾನ ಇದು.

ಕಷ್ಟ ಏನೆಂದರೆ, ಮಾಮೂಲಿ ಸಂಸಾರಸ್ಥರಿಗೆ ಇಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. ಮತ್ತೆ ಕೊರೊನಾ ಬಂದಾಗ ಒಂದೇ ಸಲಕ್ಕೆ ಎಲ್ಲ ಖಾಲಿ. ಒಂದೇ ಕಂಬದ ಮೇಲೆ ಚಪ್ಪರ ಹಾಕಬಾರದು.

ಬರ್ಲಿನ್ ಹಾವೇರಿಯವ

ಬಾಡಿಗೆ ಮಾತು ಬಂದಿದ್ದಕ್ಕೆ ಬರೆಯುತ್ತೇನೆ. ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಭಾಗದಲ್ಲಿ ಖಾಲಿ ಕಟ್ಟಡಗಳು ರಾಶಿ ರಾಶಿ. 1990ರಲ್ಲಿ ಕಲಾವಿದರು ಟಾಖೆಲೆಸ್ ಎಂಬ ಹಳೇ ಅಂಗಡಿ ಸಮುಚ್ಚಯಕ್ಕೆ ನುಗ್ಗಿ, ಕೆಡವುವುದನ್ನು ತಡೆದು, ಅಲ್ಲೇ ಸ್ಟುಡಿಯೋ ಮಾಡಿಕೊಂಡರು. ಊರಿಗೆ ಹೆಸರು ತಂದರು. 2003ರಲ್ಲಿ ಮೇಯರ್ ವೋವೆರೈಟ್ ಬರ್ಲಿನ್ ಬಡವ ಆದರೆ ಆಕರ್ಷಕ ಎಂಬ ಅರ್ಥದ ಮಾತು ಹೇಳಿ ಜಗತ್ತಿನ ಕಲಾವಿದರನ್ನೆಲ್ಲ ಕರೆದ ಹಾಗಾಯಿತು.

2012ರಲ್ಲಿ ಟಾಖೆಲೆಸ್‌ನಿಂದ ಕಲಾವಿದರನ್ನು ಖಾಲಿ ಮಾಡಿಸಿದರು. ಈಗ ಆ ಜಾಗದ ಸುತ್ತ ದುಬಾರಿ ಫ್ಲ್ಯಾಟುಗಳು, ಹಳೇ ಕಟ್ಟಡದಲ್ಲಿ 2023ರಿಂದ ಖಾಸಗಿ ಫೋಟೋ ಮ್ಯೂಸಿಯಂ. ಗೋಡೆಯ ಮೇಲಿನ ಹಳೇ ಗೀಚುಬರಹ ಹಾಗೇ ಉಳಿಸಿದ್ದಾರೆ. ಗೀಚಿದವರು ಆ ಬೀದಿಯಲ್ಲಿ ಒಂದು ಕೋಣೆ ಹಿಡಿಯುವ ಸ್ಥಿತಿಯಲ್ಲಿಲ್ಲ. ಊರಿನ ಆರ್ಥಿಕತೆ ಏರಿದ್ದು ಸುಳ್ಳಲ್ಲ. ಏರಿಸಿದವರಿಗೆ ಏನೂ ಉಳಿಯಲಿಲ್ಲ, ಅದನ್ನೂ ಹೇಳಬೇಕು.

ಜಯನಗರ ಫೋರ್ತ್ ಬ್ಲಾಕ್

ಬೆಂಗಳೂರಲ್ಲೂ ಇದೇ. ನಾಟಕದ ತಂಡಗಳಿಗೆ ತಾಲೀಮು ಜಾಗ ಸಿಗುವುದು ಎಷ್ಟು ಕಷ್ಟ ಅಂತ ಯಾರನ್ನಾದರೂ ಕೇಳಿ. ಶಾಲೆಯ ಹಾಲ್, ಯಾರದೋ ಮನೆಯ ಟೆರೇಸ್. 2004ರಲ್ಲಿ ರಂಗಶಂಕರ ಬಂದಿದ್ದರಿಂದ ಪ್ರದರ್ಶನಕ್ಕಾದರೂ ಒಂದು ನೆಲೆ ಸಿಕ್ಕಿತು. ಅದು ಇಷ್ಟು ವರ್ಷ ನಿಂತಿದ್ದು ಆ ಜಾಗ ರಂಗಭೂಮಿಗೇ ಮೀಸಲು ಅನ್ನುವ ಕಾರಣಕ್ಕೆ. ಅಲ್ಲಿ ಮದುವೆ ಇಲ್ಲ, ಮಾರಾಟ ಮೇಳ ಇಲ್ಲ.

ಆನಿಮೇಶನ್ ಅಣ್ಣ

ಎಲ್ಲರೂ ಹಳೇ ಕಲೆ ಬಗ್ಗೆ ಬರೆಯುತ್ತಿದ್ದೀರಿ. ಗೇಮ್, ಆನಿಮೇಶನ್, ವಿಎಫ್‌ಎಕ್ಸ್ (ಸಿನಿಮಾಗೆ ಕಂಪ್ಯೂಟರ್‌ನಲ್ಲಿ ಮಾಡುವ ದೃಶ್ಯ) ಮರೆತಿರಾ? ಈ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ತಂದಿದ್ದು ಕರ್ನಾಟಕ. 2024ರಲ್ಲಿ ಹೊಸದಾಗಿ ಮತ್ತೆ ತಂದರು. ಆದರೆ ಸ್ಟುಡಿಯೋಗಳೆಲ್ಲ ಬೆಂಗಳೂರಲ್ಲೇ. ನಾನು ನವಲಗುಂದದವನು, ಬೆಂಗಳೂರಲ್ಲಿ ಕೆಲಸ. ಹುಬ್ಬಳ್ಳಿಯಲ್ಲಿ ಇಪ್ಪತ್ತು ಸೀಟಿನ ಒಂದು ಸ್ಟುಡಿಯೋ ಇದ್ದರೂ ನಾಳೆಯೇ ಗಂಟುಮೂಟೆ ಕಟ್ಟಿ ಬರುತ್ತೇನೆ. ಕೆಲಸ ಹೇಗೂ ಕಂಪ್ಯೂಟರ್‌ನಲ್ಲಿ. ನನಗೆ ಬೇಕಾಗಿರುವುದು ಕರೆಂಟ್ ಹೋಗದಿರುವುದು, ಗಟ್ಟಿ ಇಂಟರ್ನೆಟ್, ಮತ್ತೆ ನನಗಿಂತ ಚೆನ್ನಾಗಿ ಕೆಲಸ ಬಲ್ಲ ನಾಲ್ಕು ಜನ ಪಕ್ಕದಲ್ಲಿ. ಕೊನೆಯದು ಮನೆಯಲ್ಲಿ ಕೂತರೆ ಸಿಗುವುದಿಲ್ಲ.

ಸಾಧನಕೇರಿ ಕಾಕಾ

ತಮ್ಮಾ, ಆ ಕೊನೆಯ ಮಾತೇ ನೋಡು ಮುಖ್ಯ. ಹಿಂದೆ ಗೆಳೆಯರ ಗುಂಪು ಅಂತ ಬೇಂದ್ರೆಯವರ ಜೊತೆ ಹುಡುಗರು ಸೇರುತ್ತಿದ್ದರಲ್ಲ, ಅಲ್ಲೂ ಇದೇ. ಒಬ್ಬ ಬರೆದಿದ್ದನ್ನು ಇನ್ನೊಬ್ಬ ಅಲ್ಲೇ ಜಾಡಿಸುತ್ತಿದ್ದ.

ದುರ್ಗದಬೈಲ್ ವ್ಯಾಪಾರಿ

ಓದಿದೆ ಎಲ್ಲವನ್ನೂ. ಕಾರ್ಖಾನೆ ಬೇಕು ಅನ್ನುವ ನನ್ನ ಮಾತು ಹಾಗೇ ಇದೆ. ಆದರೆ ಕಸೂತಿಯವರಿಗೆ, ಬಡಗಿಗೆ, ವೆಲ್ಡರ್‌ಗೆ ಕೆಲಸ ಹುಟ್ಟುವುದಾದರೆ ನಾನು ವಿರೋಧಿಸುವುದಿಲ್ಲ. ವ್ಯಾಪಾರಿಯಾಗಿ ಒಂದು ಪ್ರಶ್ನೆ. ಹತ್ತಿ ಓಣಿಯವರೇ, ಗೋದಾಮಿನ ಕರಾರು ಎಷ್ಟು ದಿನದ್ದು?

ಹತ್ತಿ ಓಣಿ ಡಿಸೈನರ್

ಮಾಲೀಕರು 11 ತಿಂಗಳು ಅಂದಿದ್ದಾರೆ. ಮೂರು ತಿಂಗಳ ಅಡ್ವಾನ್ಸ್. ರಿಪೇರಿ ನಮ್ಮದೇ.

ದುರ್ಗದಬೈಲ್ ವ್ಯಾಪಾರಿ

ಕೆಟ್ಟಿತು. ಹಂಚು ತೆಗೆದು ಹೊಸದು ಹಾಕಿ, ನೆಲ ಸರಿ ಮಾಡಿ, ಬಣ್ಣ ಹೊಡೆದು, ಜನರನ್ನು ಬರಿಸುವುದು ನೀವು. ಹನ್ನೆರಡನೇ ತಿಂಗಳು ಬೇರೆಯವರಿಗೆ ದುಪ್ಪಟ್ಟು ಬಾಡಿಗೆಗೆ ಕೊಡುವುದು ಅವರು. ಈ ಓಣಿಯಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ ಹೇಳುತ್ತಿದ್ದೇನೆ, ಸಹಿ ಹಾಕಬೇಡಿ.

ಕೋರ್ಟ್ ಸರ್ಕಲ್ ವಕೀಲೆ

ಸಾಹುಕಾರರ ಮಾತು ಸರಿ. ಎಲ್ಲರೂ 11 ತಿಂಗಳ ಕರಾರು ಮಾಡುವುದು ಯಾಕೆಂದರೆ, ಒಂದು ವರ್ಷ ಮೀರಿದ ಲೀಸ್ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು, ಅದಕ್ಕೆ ಖರ್ಚಿದೆ. ಆದರೆ ನಿಮ್ಮಂಥ ಕೆಲಸಕ್ಕೆ ಆ ಖರ್ಚು ಮಾಡುವುದೇ ಒಳ್ಳೆಯದು. ಒಂಬತ್ತು ವರ್ಷದ ನೋಂದಾಯಿತ ಲೀಸ್ ಕೇಳಿ, ಕಡಿಮೆ ಅಂದರೆ ಐದು. ವರ್ಷಕ್ಕೆ ಬಾಡಿಗೆ ಶೇಕಡಾ ಎಷ್ಟು ಏರಬೇಕು ಅನ್ನುವುದನ್ನು ಈಗಲೇ ಬರೆಸಿ. ನೀವು ಮಾಡಿಸಿದ ರಿಪೇರಿಯ ಖರ್ಚನ್ನು ಮೊದಲ ವರ್ಷಗಳ ಬಾಡಿಗೆಯಲ್ಲಿ ಕಳೆಯುವ ಷರತ್ತು ಹಾಕಿಸಿ. ನಡುವೆ ಕಟ್ಟಡ ಮಾರಿದರೂ ಲೀಸ್ ಮುಂದುವರಿಯುತ್ತದೆ ಅನ್ನುವುದನ್ನು ಸ್ಪಷ್ಟವಾಗಿ ಬರೆಸಿ. ಲೀಸ್ ಒಬ್ಬರ ಹೆಸರಲ್ಲಿ ಬೇಡ, ಸಂಘ ಅಥವಾ ಸಹಕಾರಿ ಮಾಡಿ ಅದರ ಹೆಸರಲ್ಲಿ ಮಾಡಿಸಿ. ಅದಕ್ಕೂ ಮೊದಲು ಮಾಲೀಕರ ಖಾತಾ, ತೆರಿಗೆ ರಸೀದಿ ನೋಡಿ. ಹಳೇ ಗೋದಾಮುಗಳಲ್ಲಿ ಅಣ್ಣತಮ್ಮಂದಿರ ಪಾಲಿನ ತಕರಾರು ಸಾಮಾನ್ಯ.

ಬರ್ಲಿನ್ ಹಾವೇರಿಯವ

ಟಾಖೆಲೆಸ್‌ನವರ ಕೈಯಲ್ಲಿ ಕೊನೆಗೆ ಇಂಥ ಕಾಗದ ಇರಲಿಲ್ಲ. ವಕೀಲರ ಮಾತು ಕೇಳಿ.

ಹತ್ತಿ ಓಣಿ ಡಿಸೈನರ್

ಮೇಡಂ, ತುಂಬ ಉಪಕಾರವಾಯಿತು. ಮಾಲೀಕರು ಒಳ್ಳೆಯವರೇ, ಐದು ವರ್ಷಕ್ಕೆ ಒಪ್ಪುತ್ತಾರೆ ಅನ್ನುವ ನಂಬಿಕೆ ಇದೆ. ಒಪ್ಪದಿದ್ದರೆ ಬೇರೆ ಗೋದಾಮು ನೋಡುತ್ತೇವೆ. ಒಳಗೆ ಯಾರ್ಯಾರು ಅನ್ನುವುದು ಈಗ ಹೆಚ್ಚುಕಡಿಮೆ ಗೊತ್ತಾಯಿತು: ಕಸೂತಿ, ತಬಲಾ ಪಾಠದ ಕೋಣೆ, ನಾಟಕದ ತಾಲೀಮು, ನನ್ನ ಟೇಬಲ್ಲು. ಆನಿಮೇಶನ್ ಅಣ್ಣ, ನಾಲ್ಕು ಕುರ್ಚಿಯಿಂದ ಶುರು ಮಾಡೋಣ, ಇಪ್ಪತ್ತು ಆಮೇಲೆ.

ಆನಿಮೇಶನ್ ಅಣ್ಣ

ನಾಲ್ಕರಲ್ಲಿ ಒಂದು ನನ್ನದು. ಯುಪಿಎಸ್ ನಾನೇ ತರುತ್ತೇನೆ.

ಕಸೂತಿ ಅಕ್ಕ

ಕರಾರು ಬರೆಯುವ ಮೊದಲು ಒಂದು ಕೇಳಬೇಕು. ಅಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ? ಓಣಿಯಲ್ಲಿ ಸಂಜೆ ದೀಪ ಇರುತ್ತಾ? ಇವೆರಡು ಇಲ್ಲದಿದ್ದರೆ ನಮ್ಮವರು ಯಾರೂ ಬರುವುದಿಲ್ಲ, ಮನೆಯವರೂ ಕಳಿಸುವುದಿಲ್ಲ.

ಹತ್ತಿ ಓಣಿ ಡಿಸೈನರ್

ಹಿತ್ತಲಲ್ಲಿ ಒಂದಿದೆ, ಬಾಗಿಲು ಮುರಿದಿದೆ. ಹೊಸದಾಗಿ ಎರಡು ಕಟ್ಟಿಸುವುದು ಮಾಲೀಕರ ಖರ್ಚು ಅಂತ ಕರಾರಿನಲ್ಲೇ ಹಾಕಿಸುತ್ತೇನೆ. ಬೀದಿದೀಪಕ್ಕೆ ಪಾಲಿಕೆಗೆ ಅರ್ಜಿ ಕೊಡೋಣ, ಎಲ್ಲರ ಸಹಿ ಬೇಕು. ಈ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಳತೆ ತೆಗೆಯಲು ಹೋಗುತ್ತಿದ್ದೇನೆ. ಬರುವವರು ಇಲ್ಲೇ ತಿಳಿಸಿ.

ದುರ್ಗದಬೈಲ್ ವ್ಯಾಪಾರಿ

ನಾನು ಬರುತ್ತೇನೆ. ಹಂಚು, ತೊಲೆ ನೋಡಿ ಎಷ್ಟು ಖರ್ಚಾಗುತ್ತೆ ಅಂತ ಅಂದಾಜು ಹೇಳುತ್ತೇನೆ. ಬಡಗಿಯನ್ನೂ ಕರೆದುಕೊಂಡು ಬರುತ್ತೇನೆ.